ಕೇಳದೆ ಕೂಗದವರು

ಮುಂದಿನ ತಿಂಗಳು ನಮ್ಮ ಕಡೆ ಮೂರು ಸಂಜೆ ಹಾಡಿನ ಕಾರ್ಯಕ್ರಮ ಇದೆ. ಮೊದಲನೆಯದು ಕಡೂರಿನಲ್ಲಿ, ಯಗಟಿ ಕಡೆಯ ಕುರಿಗಾಹಿಗಳ ಪದ. ಎರಡನೆಯದು ತರೀಕೆರೆಯಲ್ಲಿ. ಬ್ಯಾಂಜೋ, ಗಿಟಾರು ಹಿಡಿದು ಅಮೆರಿಕದ ಹಳ್ಳಿಗಾಡಿನ ಹಾಡು ಹೇಳುವ ಒಂದು ತಂಡ ಬರುತ್ತದೆ. ಮೂರನೆಯದು ಅಜ್ಜಂಪುರದಲ್ಲಿ, ಪಂಕ್ ರಾಕ್. ಅದೇನು ಎಂದು ಕೇಳುವವರು, ಮೂರೇ ಜನ ನಿಂತು ಮೂವತ್ತು ಜನರ ಸದ್ದು ಮಾಡುವ, ಸಿಟ್ಟನ್ನೇ ತಾಳ ಮಾಡಿಕೊಂಡ ಹಾಡು ಎಂದಿಟ್ಟುಕೊಳ್ಳಿ. ಮೂರಕ್ಕೂ ಮೈಕು, ಸ್ಪೀಕರು, ಜನರೇಟರು ನನ್ನದೇ. ಮಾತುಕತೆಯೆಲ್ಲ ಮುಗಿದಿತ್ತು. ಎದ್ದು ಹೊರಡುವಾಗ, ಕಾರ್ಯಕ್ರಮ ನಡೆಸುವ ಸಂಘದ ಕಾರ್ಯದರ್ಶಿ, ಕಡೂರಿನಲ್ಲಿ ಬೇಕರಿ ಇಟ್ಟಿರುವ ಹೆಣ್ಣುಮಗಳು, ಬಾಗಿಲ ಹತ್ತಿರ ನಿಂತು ಕೇಳಿದಳು.

“ಮೈಕಣ್ಣಾ, ಪ್ರಚಾರಕ್ಕೆ ಗಾಡಿ ಬಿಡ್ತೀರಲ್ಲ, ಕೂಗೋರು ಯಾರು?”

ನಾನು ಯಾವ ಮಾತಿಗೂ ಉತ್ತರ ಇಟ್ಟುಕೊಂಡೇ ಎದುರಿಗೆ ಕೂರುವವನು. ಇದಕ್ಕೆ ಮಾತ್ರ “ನೋಡೋಣಮ್ಮ” ಎಂದೆ.

ಕೂಗುವವರು ಒಬ್ಬರಿದ್ದರು. ಈ ಮೂರು ಊರುಗಳಲ್ಲಿ ಯಾವ ಹಾಡುಗಾರ ಬರುವುದಿದ್ದರೂ ಮೊದಲು ಬರುತ್ತಿದ್ದದ್ದು ಅವರ ದನಿ. ಅವರು ತೀರಿಕೊಂಡು ಎಂಟು ತಿಂಗಳಾಯಿತು. ಈಗಲೂ ನನ್ನ ಗಾಡಿಯ ಎಡಗಡೆಯ ಸೀಟಿನಲ್ಲಿ ಯಾರಾದರೂ ಬಂದು ಕೂತರೆ, ಸ್ವಲ್ಪ ಆಚೆ ಸರಿದು ಕೂರಿ ಎನ್ನಬೇಕು ಅನಿಸುತ್ತದೆ.

ಪಂಚನಹಳ್ಳಿ ಕಡೆಯವರು. ಎತ್ತರದ ಆಳು, ನಡೆದರೆ ಒಂದು ಭುಜ ಮುಂದೆ. ಅಂಗಿಯ ಜೇಬಿನಲ್ಲಿ ಪೆನ್ನು ಇರಬೇಕಾದ ಕಡೆ, ಕೂಗುವ ಮೊದಲು ಗಂಟಲಿಗೆಂದು ಅಗಿಯುವ ಜ್ಯೇಷ್ಠಮಧುವಿನ ಕಡ್ಡಿ. ವಯಸ್ಸಿನಲ್ಲಿದ್ದಾಗ ತೆಂಗಿನಕಾಯಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದರು. ಅವರು ನನಗೆ ಗುರುತಾದಾಗ ನನ್ನದೆಂದು ಇದ್ದದ್ದು ಎರಡು ತಗಡಿನ ಹಾರ್ನು, ಒಂದು ಆಂಪ್ಲಿಫೈಯರು, ಲಾರಿಯ ಹಳೇ ಬ್ಯಾಟರಿ, ಇದನ್ನೆಲ್ಲ ಹೊರುವ ಒಂದು ಸೈಕಲ್ಲು. ಒಂದು ದಿನ ಮಂಡಿಯ ಮುಂದೆ ನಿಂತು ಯಾವುದೋ ನಾಟಕದ ಪ್ರಚಾರ ಮಾಡುತ್ತಿದ್ದೆ. ಕತ್ತಿನ ನರ ಉಬ್ಬಿಸಿಕೊಂಡು ಕೂಗುತ್ತಿದ್ದೆ. ಅವರು ಒಳಗಿನಿಂದ ಬಂದು ನನ್ನ ಕೈಯಿಂದ ಮೈಕು ತೆಗೆದುಕೊಂಡರು.

“ಲೇ, ಮೈಕ್ ಇರೋದು ಕಿರುಚೋಕಲ್ಲ ಕಣೋ, ಕಿರುಚ್ದೇ ಇರೋಕೆ.”

ಆಮೇಲೆ ಎದುರು ಮನೆಯ ಅಡುಗೆಮನೆಯ ಕಿಟಕಿ ನೋಡಿಕೊಂಡು, ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ ಹೇಳಿದರು. “ಏನವ್ವಾ, ಒಗ್ಗರಣೆ ಹಾಕ್ತಿದ್ದೀಯ. ಕೈ ನಿಲ್ಲಿಸ್ಬೇಡ, ಸೀದೋಗ್ತದೆ. ಕಿವಿ ಮಾತ್ರ ಈ ಕಡೆ ಕೊಡು.” ಆ ಕಿಟಕಿಯಲ್ಲಿ ಒಂದು ಮುಖ ಮೂಡಿತು, ಪಕ್ಕದ ಮನೆಯಲ್ಲಿ ಇನ್ನೊಂದು. ಅವತ್ತೇ ನಿರ್ಧಾರ ಮಾಡಿದೆ, ಈ ಮನುಷ್ಯನನ್ನು ಬಿಡಬಾರದು ಎಂದು. ವ್ಯಾಪಾರಕ್ಕೆ ಇಳಿಯುವವರಿಗೆ ಒಂದು ಮಾತು ಹೇಳುತ್ತೇನೆ: ಒಳ್ಳೇ ಸಾಮಾನು ಇವತ್ತಲ್ಲ ನಾಳೆ ಸಿಗುತ್ತದೆ, ಒಳ್ಳೇ ಆಳು ಸಿಕ್ಕಿದ ದಿನವೇ ಹಿಡಿದುಕೊಳ್ಳಬೇಕು.

ಹಿಡಿದುಕೊಂಡೆ. ಆದರೆ ಅವರು ಒಂದು ಕರಾರು ಹಾಕಿದರು. ಹಾಡುವವರ ಒಂದು ಹಾಡನ್ನಾದರೂ ತಾನು ಮೊದಲು ಕೇಳಬೇಕು. ಕೇಳದೆ ಕೂಗುವುದಿಲ್ಲ.

“ಎಲ್ಲಾರ್ದೂ ಕೇಳ್ಕೊಂಡು ಕೂತ್ರೆ ದಿನ ಸಾಲ್ತದೇನಣ್ಣ?” ಎಂದೆ.

“ಒಡೆದು ನೋಡ್ದೆ ನಾನು ಮಂಡಿಲಿ ಒಂದು ಕಾಯಿ ಕೂಗಿದ್ನೇನೋ? ನಾನು ಬನ್ನಿ ಅಂದ್ರೆ ಜನ ಬರ್ತಾರೆ. ಬಂದ್ಮೇಲೆ ಹಾಡು ಕೊಳೆತಿದ್ರೆ ಬೈಯೋದು ಹಾಡಿದೋನ್ನಲ್ಲ, ನನ್ನ.”

ಈ ಕರಾರನ್ನು ಸಡಿಲಿಸಲು ನಾನು ಎಷ್ಟು ಕಡೆಯಿಂದ ಎಳೆದೆನೋ ಲೆಕ್ಕವಿಲ್ಲ. ಒಮ್ಮೆ ದೊಡ್ಡ ಆರ್ಕೆಸ್ಟ್ರಾ ಒಂದು ತರೀಕೆರೆಗೆ ಬರುವುದಿತ್ತು. ಅದರ ಮ್ಯಾನೇಜರು ಕಾರಿನಲ್ಲಿ ಬಂದು ಬಣ್ಣದ ಪೋಸ್ಟರು ಹರವಿದ. ಇವರು ಅದನ್ನು ಮೇಲಿನಿಂದ ಕೆಳಗೆ ನೋಡಿ, “ಚೆನ್ನಾಗೈತೆ. ಇದು ಹಾಡ್ತದಾ?” ಎಂದು ಕೇಳಿದರು. ಆತ ನಕ್ಕ. ಇವರು ನಗಲಿಲ್ಲ. ಗಾಡಿಯಿಂದ ಇಳಿದು ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟರು. ಆ ಆರ್ಕೆಸ್ಟ್ರಾದವರು ಮತ್ತೆ ನನ್ನ ಮೈಕನ್ನು ಮುಟ್ಟಲಿಲ್ಲ.

ಸಿಂಗಟಗೆರೆಯಲ್ಲಿ ಸೋಬಾನೆ ಹಾಡುವ ಒಬ್ಬ ಹೆಂಗಸಿದ್ದಳು. ಯಾರಾದರೂ ಮುಖ ನೋಡಿದರೆ ಅವಳ ಬಾಯಿ ಕಟ್ಟಿಹೋಗುತ್ತಿತ್ತು. ಇವರು ಬೆಳಿಗ್ಗೆ ಹೋಗಿ ಅವಳ ಹಿತ್ತಿಲ ಹುಲ್ಲಿನ ಬಣವೆಯ ಹಿಂದೆ ಕೂತವರು, ಅವಳು ರಾಗಿ ಕೇರಲು ಮೊರ ಹಿಡಿದು ತಾನಾಗಿ ಪದ ಎತ್ತುವವರೆಗೆ ಏಳಲಿಲ್ಲ. ಊಟವೂ ಇಲ್ಲ. ಮಾರನೆಯ ದಿನ ಊರೊಳಗೆ ಹೀಗೆ ಕೂಗಿದರು: “ಸಾಯಂಕಾಲ ಒಬ್ಬ ತಾಯಿ ಹಾಡ್ತಾಳೆ. ಅವಳಿಗೆ ನಾಚಿಕೆ. ಬಂದೋರು ಅವಳ ಕಡೆ ನೋಡ್ಬೇಡಿ. ನಿಮ್ಮ ನಿಮ್ಮಲ್ಲೇ ಮಳೆ, ಬೆಳೆ, ಮದುವೆ ಮಾತಾಡ್ತಿರಿ. ಅವಳೇ ಶುರು ಮಾಡ್ತಾಳೆ.” ಜನ ಬಂದರು. ಹೇಳಿದ ಹಾಗೆಯೇ ವೇದಿಕೆಗೆ ಅರ್ಧ ಬೆನ್ನು ಮಾಡಿಕೊಂಡು, ಇಲ್ಲದ ಬೀಗರ ಸುದ್ದಿಯನ್ನೆಲ್ಲ ತೆಗೆದು ಮಾತಾಡಿದರು. ಒಂದು ಹೊತ್ತಿನಲ್ಲಿ ಆ ಮಾತಿನ ಸಂದಿಯಿಂದ ಹಾಡು ಎದ್ದಿತು. ಯಾರೂ ತಿರುಗಿ ನೋಡಲಿಲ್ಲ. ಅಂಥ ಸಭೆಯನ್ನು ನಾನು ಮತ್ತೆ ಕಂಡಿಲ್ಲ.

ಕಾರ್ಯಕ್ರಮ ನಡೆಸುವವರಿಗೆ ನಾನು ಹೇಳುವುದಿಷ್ಟೇ: ಸಂತೆ ದಿನ ಇಡಬೇಡಿ, ಮಕ್ಕಳ ಪರೀಕ್ಷೆ ನೋಡಿಕೊಳ್ಳಿ, ಕರೆಂಟಿನವರನ್ನು ಮೊದಲೇ ಮಾತಾಡಿಸಿ, ಟೀಗೆ ನಿಂಬೆಹಣ್ಣು ಹಿಂಡಿ ಹಾಡುವವರಿಗೆ ಕೊಡಬೇಡಿ. ಇದೆಲ್ಲ ನನಗೆ ಗೊತ್ತು. ಆದರೆ ಜನ ಯಾಕೆ ಬರುತ್ತಾರೆ ಅನ್ನುವುದು ಅವರಿಗೆ ಮಾತ್ರ ಗೊತ್ತಿತ್ತು.

ಕೆಲವು ವರ್ಷಗಳ ಹಿಂದೆ ಒಂದು ವಿಚಿತ್ರ ಶುರುವಾಯಿತು. ಹಾಡು ಕೇಳಲು ಹೋಗುವಾಗ ಅವರು ಹೆಂಡತಿಯನ್ನೂ ಗಾಡಿ ಹತ್ತಿಸತೊಡಗಿದರು. ಅತ್ತಿಗೆ ಎಂದೇ ನಾನು ಕರೆಯುತ್ತಿದ್ದದ್ದು. ಯಗಟಿಯ ಕಡೆಯಿಂದ ಬಂದವರು, ಮಾತು ಕಡಿಮೆ, ಮಡಿಲಲ್ಲಿ ಬಟ್ಟೆಯ ಚೀಲ. ಅಲ್ಲಿಯವರೆಗೆ ಗಂಡ ಕೂಗಿದ ಒಂದೇ ಒಂದು ಕಾರ್ಯಕ್ರಮಕ್ಕೂ ಬಂದವರಲ್ಲ. ಈಗ ಹಾಡುವವರ ಎದುರಿಗೆ ಅತ್ತಿಗೆಯನ್ನು ಕೂರಿಸಿ, ಇವರು ಪಕ್ಕಕ್ಕೆ ತಿರುಗಿ ಅವರನ್ನೇ ನೋಡುತ್ತ ಕೂರುತ್ತಿದ್ದರು. ವಯಸ್ಸಾದ ಮೇಲೆ ಹೆಂಡತಿಯ ಮೇಲೆ ಪ್ರೀತಿ ಹೆಚ್ಚಾಗಿದೆ ಎಂದುಕೊಂಡೆ. ಗುಟ್ಟು ಒಡೆದದ್ದು ತರೀಕೆರೆಯಲ್ಲಿ.

ಅವತ್ತು ಬಂದದ್ದು ಇಂಥದೇ ಒಂದು ಬ್ಯಾಂಜೋ ಗಿಟಾರಿನ ತಂಡ. ಮಧ್ಯಾಹ್ನ ಶಾಮಿಯಾನದಲ್ಲಿ ಒಂದು ಹಾಡು ಹೇಳಿ ತೋರಿಸಿದರು. ನಾನು ಆಚೆ ಜನರೇಟರಿನ ಹತ್ತಿರ ಇದ್ದೆ. ಒಳಗೆ ಅತ್ತಿಗೆ ಕಣ್ಣು ಮುಚ್ಚಿ ತಲೆದೂಗಿದರಂತೆ, ಕೈ ತಾನಾಗಿ ಕೂಡಿಕೊಂಡಿತಂತೆ, ಕೊನೆಗೆ ಸೆರಗಿನಿಂದ ಕಣ್ಣು ಒರೆಸಿಕೊಂಡರಂತೆ. ಇವರು ನೇರವಾಗಿ ಬಂದು ಗಾಡಿ ಹತ್ತಿ ಬೀದಿ ಬೀದಿಯಲ್ಲಿ ಕೂಗಿದರು: “ಭಕ್ತಿಗೀತೆ! ಕೇಳಿದ್ರೆ ಕಣ್ಣಲ್ಲಿ ನೀರು ಬರೋ ಭಕ್ತಿಗೀತೆ!”

ಸಂಜೆ ನೋಡುತ್ತೇನೆ, ಮಠದ ಒಕ್ಕಲಿನ ಹಿರಿಯರೆಲ್ಲ ಬಂದಿದ್ದಾರೆ. ಹಣೆಯ ತುಂಬ ವಿಭೂತಿ. ಶಾಮಿಯಾನದ ಬಾಗಿಲಲ್ಲಿ ಚಪ್ಪಲಿಯ ರಾಶಿ. ಅಜ್ಜಿಯರು ಹೂವಿನ ಬುಟ್ಟಿ ತಂದು ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ತಂಡದವರು ಬಂದವರೇ ಆ ರಾಶಿ ಕಂಡು, ಇಲ್ಲಿಯ ಪದ್ಧತಿಯಿರಬೇಕು ಎಂದು ತಮ್ಮ ಉದ್ದುದ್ದ ಬೂಟುಗಳನ್ನೂ ಬಿಚ್ಚಿ ಸಾಲಾಗಿ ಇಟ್ಟು, ಬರಿಗಾಲಲ್ಲಿ ವೇದಿಕೆ ಹತ್ತಿದರು. ಆಮೇಲೆ ರೈಲಿನ ಮೇಲೆ, ಧೂಳಿನ ಮೇಲೆ, ಬಿಟ್ಟುಹೋದ ಹೆಣ್ಣಿನ ಮೇಲೆ ಇಂಗ್ಲಿಷಿನಲ್ಲಿ ಹಾಡಿದರು. ಒಬ್ಬ ಹಿರಿಯರು ಪಕ್ಕದವರನ್ನು ಕೇಳಿದರು.

“ಯಾವ ದೇವ್ರುದ್ದಪ್ಪ ಇದು?”

“ಗೊತ್ತಿಲ್ಲ ಕಣಣ್ಣ. ಸುಮ್ನೆ ಕೂತ್ಕಾ, ಚೆನ್ನಾಗೈತೆ.”

ಯಾರೂ ಏಳಲಿಲ್ಲ. ಕೊನೆಗೆ ಒಬ್ಬ ಅಜ್ಜಿ ಬ್ಯಾಂಜೋ ಬಾರಿಸುವವನಿಗೆ ಹೂವಿನ ಬುಟ್ಟಿಯನ್ನೇ ಕೊಟ್ಟುಬಿಟ್ಟಳು.

ಜನ ಚದುರಿದ ಮೇಲೆ ಅವರನ್ನು ಗಾಡಿಯ ಹಿಂದಕ್ಕೆ ಕರೆದುಕೊಂಡು ಹೋದೆ. “ಅಣ್ಣ, ಆ ಹಾಡು ನಿಂಗೆ ಕೇಳುಸ್ತಾ?”

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಆಗ ಗೊತ್ತಾಯಿತು. ಎರಡು ವರ್ಷದಿಂದ ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು.

“ಕೂಗಿದ್ದು ಸುಳ್ಳಾಯ್ತೇನೋ?” ಎಂದರು. ಮೂರು ಊರನ್ನು ಹಿಡಿದು ನಿಲ್ಲಿಸುತ್ತಿದ್ದ ದನಿ ಅಲ್ಲಾಡುತ್ತಿತ್ತು. “ಜನ ಬೈಕೊಂಡ್ ಹೋದ್ರಾ?”

“ಇಲ್ಲಣ್ಣ. ಒಬ್ರೂ ಏಳ್ಲಿಲ್ಲ.”

“ಹಂಗಾದ್ರೆ ಇವಳ ಮುಖ ಸುಳ್ಳು ಹೇಳ್ಲಿಲ್ಲ. ಓದಿದ್ದು ನಾನು ತಪ್ಪು.”

ಅತ್ತಿಗೆ ಅಲ್ಲೇ ಚೀಲ ಹಿಡಿದು ನಿಂತಿದ್ದರು. ಯಾಕೆ ಅತ್ತದ್ದು ಎಂದು ಕೇಳಿದೆ. ಅವರಣ್ಣ ಕುರಿಯ ಹಿಂದೆ ಹೋಗುವಾಗ ಹೀಗೆಯೇ ದನಿ ಎಳೆಯುತ್ತಿದ್ದನಂತೆ. ಆಮೇಲೆ ಗಂಡನ ಕಡೆ ಕಣ್ಣು ಹಾಯಿಸಿ ಹೇಳಿದರು: “ಮದ್ವೆಯಾಗಿ ಮೂವತ್ ವರ್ಷ ಈ ಮುಖನ ನೆಟ್ಟಗೆ ನೋಡ್ಲಿಲ್ಲ ಕಣಪ್ಪ. ಈಗ ಕೆಪ್ಪಾದ್ಮೇಲೆ ದಿನಾ ನೋಡ್ತಾರೆ.”

ಕಿವಿಯ ಮಿಷನ್ನು ಹಾಕಿಸಿದೆ, ನಾನೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ. ಒಂದು ವಾರ ಹಾಕಿಕೊಂಡು ತೆಗೆದಿಟ್ಟರು. “ಇದ್ರಲ್ಲಿ ಹಾಡೂ ಒಂದೇ, ತಟ್ಟೆ ಬಿದ್ದಿದ್ದೂ ಒಂದೇ ಕಣೋ. ಸದ್ದು ಬರ್ತದೆ, ಹಾಡು ಬರಲ್ಲ.” ನಾನು ಗುಟ್ಟು ಬಿಡಲಿಲ್ಲ. ಅವರ ಕರಾರಿಗೂ ಭಂಗ ಬರಲಿಲ್ಲ. ಅತ್ತಿಗೆ ಕೇಳುತ್ತಿದ್ದರು, ಇವರು ಅತ್ತಿಗೆಯನ್ನು ನೋಡುತ್ತಿದ್ದರು, ಊರು ಇವರನ್ನು ನಂಬುತ್ತಿತ್ತು. ನಿಜ ಹೇಳಬೇಕೆಂದರೆ ಅವರು ಆ ವರ್ಷಗಳಲ್ಲಿ ಕೂಗಿದಷ್ಟು ಚೆನ್ನಾಗಿ ಹಿಂದೆ ಎಂದೂ ಕೂಗಿರಲಿಲ್ಲ. ಒಂದು ತಂಬೂರಿ ಪದದ ಕಾರ್ಯಕ್ರಮಕ್ಕೆ, “ಈ ಹಾಡು ಕೇಳಿದ್ರೆ ತುಟಿಯ ಎಡಗಡೆ ತುದಿ ಮಾತ್ರ ನಗ್ತದೆ, ಯಾಕೆ ಅಂತ ಬಂದು ನೋಡ್ಕಳಿ” ಎಂದಿದ್ದರು. ಬಂದವರು ಒಬ್ಬರ ತುಟಿಯನ್ನೊಬ್ಬರು ನೋಡುತ್ತ ಕೂತರು.

ಹೋದ ವರ್ಷ ಅತ್ತಿಗೆ ತೀರಿಕೊಂಡರು. ಮೂರು ದಿನದ ಜ್ವರ.

ತಿಥಿಯೆಲ್ಲ ಮುಗಿದ ಮೇಲೆ ನಾನು ಅವರ ಮನೆಗೆ ಹೋದೆ. ಅಜ್ಜಂಪುರದಲ್ಲಿ ಪಂಕ್ ರಾಕ್ ಇತ್ತು, ನಮ್ಮ ಕಡೆ ಮೊದಲನೆಯ ಸಲ. ಪೋಸ್ಟರಿಗೆ ಬರುವ ಜನ ಅಲ್ಲ, ಇವರು ಕೂಗಿದರೆ ಮಾತ್ರ ಬರುವವರು. ಆದರೆ ನಾನು ಹೋದದ್ದು ಅದಕ್ಕಾಗಿ ಅಲ್ಲ. ಮೈಕು ಕೈಬಿಟ್ಟರೆ ಈ ಮನುಷ್ಯ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

“ಕೇಳ್ದೆ ಕೂಗಲ್ಲ” ಎಂದರು. “ಕೇಳೋಳು ಹೋದ್ಳು.”

“ನಾನಿಲ್ವಾ? ನನ್ನ ಮುಖ ನೋಡು.”

ಅವರು ಎದ್ದು ಗೂಟದಿಂದ ಅಂಗಿ ತೆಗೆದರು. ಹೊಸ ಜ್ಯೇಷ್ಠಮಧುವಿನ ಕಡ್ಡಿ ಹುಡುಕಿ ಜೇಬಿಗೆ ಹಾಕಿಕೊಂಡರು. ಅದನ್ನು ಕಂಡು, ಗೆದ್ದೆ ಎಂದುಕೊಂಡೆ.

ತಂಡದವರು ಕಡೂರಿನ ಒಂದು ಖಾಲಿ ಕೊಬ್ಬರಿ ಶೆಡ್ಡಿನಲ್ಲಿ ಅಭ್ಯಾಸ ಮಾಡುತ್ತಿದ್ದರು. ಗಿಟಾರಿಗೆ ಇಬ್ಬರು, ಡ್ರಮ್ಮಿಗೆ ಒಬ್ಬಳು ಹುಡುಗಿ, ಮೂವರೂ ಕಾಲೇಜಿನವರು. ಶೆಡ್ಡಿನಲ್ಲಿ ನಾವಿಬ್ಬರು, ಅವರು ಮೂವರು, ಇನ್ನು ಯಾರೂ ಇಲ್ಲ. ನಾನು ಕುರ್ಚಿ ಎಳೆದು ಎದುರಿಗೆ ಕೂತೆ. ಇವರು ಪಕ್ಕಕ್ಕೆ ತಿರುಗಿ ನನ್ನನ್ನು ನೋಡುತ್ತ ಕೂತರು.

ಹುಡುಗಿ ನಾಲ್ಕು ಏಟು ಹಾಕಿದಳು. ತಗಡಿನ ಸೂರು ನಡುಗಿತು. ಹಾಡು ಕನ್ನಡದ್ದೇ. ಬೆಳಿಗ್ಗೆ ಕಾಲೇಜಿಗೆ ಹೋಗುವ ಬಸ್ಸು ಹಳ್ಳಿಯ ಗೇಟಿನಲ್ಲಿ ನಿಲ್ಲಿಸದೆ ಹೋಗುವುದರ ಮೇಲೆ. ಕೈ ಅಡ್ಡ ಹಾಕಿದರೂ ಇಲ್ಲ, ಓಡಿದರೂ ಇಲ್ಲ. “ನಿಲ್ಸೋ! ನಿಲ್ಸೋ!” ಎಂದು ಮೂವರೂ ಗಂಟಲು ಹರಿದುಕೊಳ್ಳುವುದು, ಅಷ್ಟೇ ಪಲ್ಲವಿ.

ನಾನು ಬ್ಯಾಟರಿ ಹೊರುತ್ತಿದ್ದ ದಿನಗಳಲ್ಲಿ ಯಾವ ಬಸ್ಸೂ ನನ್ನನ್ನು ಹತ್ತಿಸಿಕೊಂಡಿರಲಿಲ್ಲ. ಆಸಿಡ್ಡು ಚೆಲ್ಲುತ್ತದೆ ಎನ್ನುತ್ತಿದ್ದರು. ಪಂಚನಹಳ್ಳಿಯ ರಸ್ತೆಯಲ್ಲಿ ಎಷ್ಟು ಬಸ್ಸುಗಳ ಹಿಂಭಾಗ ನೋಡಿದ್ದೇನೋ. ಆವತ್ತಿನ ಧೂಳು ಅಷ್ಟೂ ಆ ಶೆಡ್ಡಿನಲ್ಲಿ ನನ್ನ ಗಂಟಲಿಗೆ ಬಂದು ಕೂತಿತು. ಒಳಗೆ ನಾನೂ ಕೂಗುತ್ತಿದ್ದೆ, ನಿಲ್ಸೋ ಎಂದು.

ಹಾಡು ಮುಗಿಯಿತು. ಇವರು ಇನ್ನೂ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಕಣ್ಣು ಕೆಳಗೆ ಮಾಡಿದರು.

“ಏನೂ ಕಾಣಲ್ಲ ಕಣೋ.”

“ಚೆನ್ನಾಗಿತ್ತಣ್ಣ! ದೇವ್ರಾಣೆ ಚೆನ್ನಾಗಿತ್ತು!” ತುಟಿ ಬಿಡಿಸಿ ಬಿಡಿಸಿ ಹೇಳಿದೆ.

“ನೀನು ಚೆನ್ನಾಗಿದ್ದಿದ್ದನ್ನೂ ಚೆನ್ನಾಗಿಲ್ಲ ಅಂತೀಯ, ಚೆನ್ನಾಗಿಲ್ದೇ ಇದ್ದಿದ್ದನ್ನೂ ಚೆನ್ನಾಗೈತೆ ಅಂತೀಯ. ಅದು ನಿನ್ನ ಕಸುಬು. ಬಾಯಿ ಮಾತ್ ಬಿಡು, ಮುಖಾನೂ ಹಂಗೇ ಮಾಡ್ಕಂಡಿದ್ದೀಯ. ಎದುರಿಗೆ ಕೂತೋನಿಗೆ ಏನೂ ಗೊತ್ತಾಗ್ಬಾರ್ದು ಅಂತ.” ಬೈದದ್ದಲ್ಲ. ನನ್ನ ಮೊಣಕಾಲಿನ ಮೇಲೆ ಕೈ ಇಟ್ಟು ಹೇಳಿದರು. “ನಿನ್ನ ತಪ್ಪಲ್ಲ ಬಿಡು. ಅದ್ರಿಂದ್ಲೇ ಮೇಲೆ ಬಂದೆ.”

ಮಾರನೆಯ ದಿನ ಮತ್ತೆ ಹೋದೆ. ನಾನು ಸುಲಭಕ್ಕೆ ಬಿಡುವವನಲ್ಲ. ಹತ್ತು ಜನರನ್ನು ಕರೆತಂದು ಕೂರಿಸುತ್ತೇನೆ, ಬೇಕಾದ ಮುಖ ನೋಡಿಕೋ ಎಂದೆ. “ಹತ್ತು ಜನ ಬಂದ್ರೆ ಹತ್ತೂ ಜನ ನನ್ನ ಮುಖ ನೋಡ್ತಾರೆ ಕಣೋ, ಇವ್ರಿಗೆ ಹಿಡಿಸ್ತಾ ಅಂತ” ಎಂದರು.

ಅಜ್ಜಂಪುರದ ಪ್ರಚಾರವನ್ನು ಪೆನ್ ಡ್ರೈವಿನಲ್ಲಿ ಮಾಡಿದೆವು, ಯಾರದೋ ದನಿ. ಸ್ವಲ್ಪವೇ ಜನ ಬಂದರು. ಕೂಗಲ್ಲ ಎಂದ ಅವರೂ ಬಂದಿದ್ದರು. ವೇದಿಕೆಯ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಸಿಕೊಂಡು, ಹಾಡುವವರಿಗೆ ಬೆನ್ನು ಮಾಡಿ, ಕೂತ ಜನರ ಕಡೆ ತಿರುಗಿ ಕೂತಿದ್ದರು. “ನಿಲ್ಸೋ” ಬಂದಾಗ ಜನರ ಮುಖ ಒಂದೊಂದಾಗಿ ಬಿಚ್ಚಿಕೊಂಡಿರಬೇಕು, ಅವರ ಮುಖವೂ ಹಾಗೆಯೇ ಬಿಚ್ಚಿಕೊಂಡಿತು. ನಾನು ಮಿಕ್ಸರಿನ ಹಿಂದೆ ನಿಂತು ಅದನ್ನೇ ನೋಡಿದೆ. ಆಮೇಲೆ ನನ್ನ ಹತ್ತಿರ ಬಂದು, “ಒಳ್ಳೇ ಕಾಯಿ ಕಣೋ. ಕೂಗ್ಬೋದಿತ್ತು” ಎಂದರು. ಮುಂದಿನ ಕಾರ್ಯಕ್ರಮದವರೆಗೆ ಅವರು ಉಳಿಯಲಿಲ್ಲ.

ಬೇಕರಿಯ ಹೆಣ್ಣುಮಗಳು ನಿನ್ನೆ ಮತ್ತೆ ಫೋನ್ ಮಾಡಿದ್ದಳು. “ಮೈಕಣ್ಣಾ, ನೀವೇ ಕೂಗಿ. ಅವರ ಜೊತೆ ಅಷ್ಟು ವರ್ಷ ಇದ್ರಲ್ಲ.” ಹಾಗಾದರೆ ಮೊದಲು ಕೇಳಬೇಕು ಎಂದುಕೊಂಡು ಇವತ್ತು ಯಗಟಿಗೆ ಹೋದೆ. ಬಯಲಿನಲ್ಲಿ ಕುರಿ ಮೇಯುತ್ತಿದ್ದವು. ಮೂವರು ಮುದುಕರು ಕಂಬಳಿಯ ಮೇಲೆ ಕೂತು ಹಾಡಿದರು. ಒಬ್ಬರು ದನಿ ಎಳೆದ ರೀತಿಗೆ ಅತ್ತಿಗೆಯ ಅಣ್ಣ ಹೇಗೆ ಹಾಡುತ್ತಿದ್ದಿರಬೇಕು ಎಂದು ತಿಳಿದುಹೋಯಿತು. ಮುಗಿದ ಮೇಲೂ ನಾನು ಎದ್ದಿರಲಿಲ್ಲ. ಎಡಗಡೆ ಯಾರಾದರೂ ನನ್ನ ಕಡೆ ತಿರುಗಿ ಕೂತಿರಬಾರದಿತ್ತೇ ಅನಿಸಿತು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಹೆಂಡತಿ ಬಾಗಿಲಲ್ಲೇ ಕೇಳಿದಳು, “ಹೆಂಗಿತ್ರೀ ಹಾಡು?”

ಬೆಳಕಿನ ಕಡೆ ತಿರುಗಿ ಅವಳ ಎದುರು ನಿಂತೆ, ಮುಖದಲ್ಲೇ ನೋಡಲಿ ಎಂದು.

ಅವಳು ನೋಡಿದಳು.

“ಹಿಡಿಸ್ಲಿಲ್ಲ ಅನ್ನಿ” ಎಂದು ಕಾಫಿ ಇಡಲು ಒಳಗೆ ಹೋದಳು.